ಹೊಸ ಮೆಟಲ್ ಸಿಡಿ ಬಂದಾಗ ಹೇಗೆ ಕೇಳಬೇಕು: ಒಬ್ಬ ಪ್ರೆಸ್ ಆಪರೇಟರನ ರೀತಿ

ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಶೆಡ್ಡಿದೆ. ಅಲ್ಲಿ ನಾನು ಪವರ್ ಪ್ರೆಸ್ ನಡೆಸುತ್ತೇನೆ. ಒಂದು ಕಡೆ ತಗಡು ಹಾಕುವುದು, ಇನ್ನೊಂದು ಕಡೆ ಬ್ರಾಕೆಟ್ ತೆಗೆಯುವುದು. ಬೆಳಿಗ್ಗೆಯಿಂದ ಸಂಜೆವರೆಗೆ ಧಡಕ್, ಧಡಕ್. ಮನೆಗೆ ಬಂದ ಮೇಲೆ ಹೆವಿ ಮೆಟಲ್ ಅನ್ನುವ ಅಬ್ಬರದ ಗಿಟಾರ್ ಸಂಗೀತ ಹಚ್ಚುತ್ತೇನೆ. "ದಿನಾ ಕೇಳಿದ್ದು ಸಾಲಲಿಲ್ಲೇನು ನಿನಗ?" ಅಂತ ಅವ್ವ ಇಪ್ಪತ್ತೈದು ವರ್ಷದಿಂದ ಕೇಳುತ್ತಿದ್ದಾಳೆ.

ಶೆಡ್ಡಿಗೆ ಹೊಸದಾಗಿ ಬಂದ ಕುಂದಗೋಳದ ಹುಡುಗನೊಬ್ಬನಿಗೂ ಇದೇ ಹುಚ್ಚು. ಒಂದು ದಿನ ಊಟದ ಹೊತ್ತಿನಲ್ಲಿ ಯಾವುದೋ ಆಲ್ಬಂ ಬಗ್ಗೆ "ಭಾರಿ ಐತ್ರಿ ಅಣ್ಣಾ" ಅಂದ. ಮರುದಿನ ಅದೇ ಆಲ್ಬಂಗೆ "ಏನೂ ಇಲ್ರಿ ಅದರಾಗ, ಎಲ್ಲಾ ಹಾಡು ಒಂದ ಥರಾ" ಅಂದ. ಎರಡು ಸಲವೂ ಅವನು ಪೂರ್ತಿ ಕೇಳಿರಲಿಲ್ಲ. ನಾನು ಅವನಿಗೆ ಒಂದೇ ಮಾತು ಕೇಳಿದೆ. ಶೆಡ್ಡಿಗೆ ಬಂದ ಮೊದಲ ವಾರ ನಿನಗೆ ಪ್ರೆಸ್ಸಿನ ಎಲ್ಲ ಹೊಡೆತ ಒಂದೇ ಥರ ಕೇಳುತ್ತಿತ್ತು ಅಲ್ವಾ? ಈಗ ತಗಡು ಕತ್ತರಿಸುವ ಪಂಚ್ ಮೊಂಡಾದರೆ ನೋಡದೆಯೇ ಗೊತ್ತಾಗುತ್ತದೆ. "ಟಪ್" ಅನ್ನುವುದು "ಧಬ್" ಆಗುತ್ತದೆ. ತೆಗೆದು ನೋಡಿದರೆ ತಗಡಿನ ಅಂಚಿಗೆ ಬರ್, ಅಂದರೆ ಚೂಪು ಮುಳ್ಳು, ಬಂದಿರುತ್ತದೆ. ಪ್ರೆಸ್ ಇದ್ದ ಹಾಗೇ ಇದೆ, ನಿನ್ನ ಕಿವಿ ಪಳಗಿತು. ಮೆಟಲ್ ಆಲ್ಬಂ ಕೂಡ ಹಾಗೇ.

ಅವನಿಗೆ ಆಮೇಲೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಇದರ ಹಿಂದೆ ಒಂದು ಉದ್ದನೆಯ ರಿಜಿಸ್ಟರ್ ಇದೆ. 2003ರಿಂದ ನಾನು ಕೊಂಡ ಒಂದೊಂದು ಆಲ್ಬಂಗೂ ಅದರಲ್ಲಿ ಒಂದು ಪುಟ.

ಮೊದಲು ಸಿಡಿ ತಿರುಗಿಸಿ ನೋಡಿ

ಹುಬ್ಬಳ್ಳಿಯಲ್ಲಿ ಈಗ ಮೆಟಲ್ ಸಿಡಿ ಹುಡುಕಿಕೊಂಡು ಹೋಗುವಂಥ ಅಂಗಡಿ ನನಗೆ ಕಂಡಿಲ್ಲ. ನಾನು ಹುಡುಗನಾಗಿದ್ದಾಗ ಕೊಪ್ಪೀಕರ ರೋಡಿನ ಕಡೆ ಕ್ಯಾಸೆಟ್ ಅಂಗಡಿಗಳಿದ್ದವು. ಅಲ್ಲಿ "ಇಂಗ್ಲಿಷ್" ಅಂತ ಒಂದೇ ಗೂಡು. ಅದರಲ್ಲಿ ಮೆಟಾಲಿಕಾ ಅನ್ನುವ ಮೆಟಲ್ ಬ್ಯಾಂಡಿನ ಪಕ್ಕ ಡಿಸ್ಕೋ, ಡಿಸ್ಕೋ ಪಕ್ಕ ಯೋಗದ ಕ್ಯಾಸೆಟ್. ಈಗ ಎಲ್ಲ ಪಾರ್ಸೆಲ್. ಹಾಗಾಗಿ ಮೋಸ ಹೋಗುವ ದಾರಿಯೂ ಸಲೀಸು.

ನನಗೂ ಒಮ್ಮೆ ಆಯಿತು. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ 1,100 ರೂಪಾಯಿ ಕೊಟ್ಟು ತರಿಸಿದ ಸಿಡಿ, ತೆಗೆದು ನೋಡಿದರೆ ಮನೆಯಲ್ಲಿ ಬರ್ನ್ ಮಾಡಿದ್ದು. ಗುರುತು ಹಿಡಿಯುವುದು ಕಷ್ಟವಲ್ಲ. ಕಿಟಕಿ ಬೆಳಕಿಗೆ ಸಿಡಿಯ ಕೆಳಮೈ ಹಿಡಿಯಿರಿ. ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿದ ಸಿಡಿ ಬೆಳ್ಳಿ ಬಣ್ಣ. ಬರ್ನ್ ಮಾಡಿದ್ದರಲ್ಲಿ ಸಾಮಾನ್ಯವಾಗಿ ನೀಲಿ, ಹಸಿರು ಇಲ್ಲವೇ ನೇರಳೆ ಛಾಯೆ ಕಾಣುತ್ತದೆ. ಅದು ಬಣ್ಣದ ರಾಸಾಯನಿಕದ ಪದರ. ನಡುವಿನ ತೂತಿನ ಸುತ್ತ ಒಂದು ಉಂಗುರವಿರುತ್ತದೆ. ಅಚ್ಚಿನ ನಂಬರ್ ಅಲ್ಲಿ ಕೊರೆದಿರುತ್ತಾರೆ. ಅಲ್ಲಿ ಏನೂ ಇಲ್ಲದಿದ್ದರೆ ಅವತ್ತೇ ವಾಪಸ್ ಕಳಿಸಿ. ನಾನು ಎರಡು ವಾರ ಬಿಟ್ಟು ನೋಡಿದೆ. ದುಡ್ಡು ಹೋಯಿತು.

ಇನ್ನೊಂದು ಮಜಾ ಇದೆ. ಸಿಡಿಯನ್ನು ಲೇಸರ್ ಓದುವುದು ಒಳಗಿನಿಂದ ಹೊರಗೆ. ಎಲ್ಲಿವರೆಗೆ ಹಾಡು ತುಂಬಿದೆಯೋ ಅಲ್ಲಿವರೆಗೆ ಹೊಳಪು ಒಂದು ಥರ, ಆಚೆಗೆ ಇನ್ನೊಂದು ಥರ. ಸ್ಲೇಯರ್ ತಂಡದ "ರೇನ್ ಇನ್ ಬ್ಲಡ್" 1986ರದ್ದು. ಹತ್ತು ಹಾಡು, ಎಲ್ಲ ಸೇರಿ 29 ನಿಮಿಷ. ಮೆಟಾಲಿಕಾದ "72 ಸೀಸನ್ಸ್" 2023ರದ್ದು. ಹನ್ನೆರಡು ಹಾಡು, 77 ನಿಮಿಷ. ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿದರೆ ಮೊದಲನೆಯದರಲ್ಲಿ ಹಾಡು ತುಂಬಿದ ಭಾಗ ಅರ್ಧಕ್ಕೂ ಮುಟ್ಟಿರುವುದಿಲ್ಲ, ಎರಡನೆಯದು ಅಂಚಿನವರೆಗೆ ಭರ್ತಿ. ಕೇಳುವ ಮೊದಲೇ ಯಾರು ಗಿಡ್ಡ ಮಾತಿನವರು, ಯಾರು ಉದ್ದ ಮಾತಿನವರು ಅಂತ ಗೊತ್ತಾಯಿತು.

ಧೂಳು ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಗ್ರಾಮಫೋನ್ ರೆಕಾರ್ಡ್ ಒರೆಸಿದಂತೆ ದುಂಡಗೆ ಬೇಡ. ದುಂಡಗೆ ಗೀರು ಬಿದ್ದರೆ ಪ್ಲೇಯರ್‌ಗೆ ಸುಧಾರಿಸಿಕೊಳ್ಳುವುದು ಕಷ್ಟ.

ಮುಖಪುಟದಲ್ಲಿ ಬ್ಯಾಂಡಿನ ಹೆಸರು ಓದಲು ಬರಲಿಲ್ಲ ಅಂತ ಗಾಬರಿ ಬೇಡ. ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ತಂಡಗಳ ಲೋಗೋ ಬಳ್ಳಾರಿ ಜಾಲಿ ಪೊದೆಯ ಹಾಗೆ ಇರುತ್ತದೆ. ಬೆನ್ನಿನ ಪಟ್ಟಿಯ ಮೇಲೆ ಸಾದಾ ಅಕ್ಷರದಲ್ಲಿ ಬರೆದಿರುತ್ತಾರೆ, ಅಲ್ಲಿ ನೋಡಿ. ಓದಲು ಬಂದರೂ ಕೆಲವು ಹೆಸರು ತೊಂದರೆ ಕೊಡುತ್ತವೆ. ಬೆಂಗಳೂರಿನಲ್ಲಿ "ಬೇವರ್ ಸೀ" ಅನ್ನುವ ಡೂಮ್ ಮೆಟಲ್, ಅಂದರೆ ನಿಧಾನದ ಭಾರಿ ಮೆಟಲ್, ನುಡಿಸುವ ತಂಡವಿದೆ. ಬೇಗ ಬೇಗ ಓದಿ ನೋಡಿ. ಅವ್ವನ ಮುಂದೆ ಬೇಡ.

ಶಿಫ್ಟ್ ಮುಗಿಸಿ ಬಂದ ಕೂಡಲೇ ಹಚ್ಚಬೇಡಿ

ಈ ತಪ್ಪು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಗದ್ದಲದಲ್ಲಿ ಎಂಟು ತಾಸು ನಿಂತ ಕಿವಿ ಸಂಜೆಗೆ ಸ್ವಲ್ಪ ಮಂದವಾಗಿರುತ್ತದೆ. ಡ್ರಮ್ ಜೊತೆಗಿನ ಕಂಚಿನ ತಟ್ಟೆಗಳ, ಅಂದರೆ ಸಿಂಬಲ್‌ಗಳ, ಚುರುಕು ಕೇಳುವುದಿಲ್ಲ. ಆಗ ಕೈ ತಾನಾಗಿ ವಾಲ್ಯೂಮ್ ಮೇಲೆ ಹೋಗುತ್ತದೆ. ಆಮೇಲೆ ರಿಜಿಸ್ಟರಿನಲ್ಲಿ "ಸೌಂಡ್ ಮಂದ" ಅಂತ ಬರೆಯುತ್ತೇವೆ. ಮಂದವಾಗಿದ್ದು ನಮ್ಮ ಕಿವಿ.

ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕ ನಮ್ಮ ಶೆಡ್ಡಿನವರಿಗೂ ಮೆಟಲ್ ಕೇಳುವವರಿಗೂ ಹೊಂದುತ್ತದೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಶೆಡ್ಡಿನಲ್ಲೇ ಅವತ್ತಿನ ಪಾಲು ಮುಗಿಸಿಕೊಂಡು ಬಂದಿದ್ದೇವೆ ಅಂದಮೇಲೆ ಮನೆಯಲ್ಲಿ ಮತ್ತೆ ಹೆಡ್‌ಫೋನ್ ತಿರುವುವುದು ಸಾಲದ ಮೇಲೆ ಸಾಲ. ನಾನು ಹೊಸ ಆಲ್ಬಂನ ಮೊದಲ ಸುತ್ತು ಭಾನುವಾರ ಬೆಳಿಗ್ಗೆಗೆ ಇಡುತ್ತೇನೆ. ಶೆಡ್ಡಿನಲ್ಲಿ ಇಯರ್ ಪ್ಲಗ್ ಹಾಕುತ್ತೇನೆ. ನಗುವವರು ನಗಲಿ.

ಯಾವುದರಲ್ಲಿ ಕೇಳಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನನ್ನದು ಹಳೆಯ ಡಿವಿಡಿ ಪ್ಲೇಯರ್, ಒಂದು ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ಎರಡು ಸ್ಪೀಕರ್ ಬಾಕ್ಸ್. ಒಂದು ಕೆಲಸ ಮಾತ್ರ ಮಾಡಲೇಬೇಕು. "ಮೆಗಾ ಬೇಸ್", "ಲೌಡ್‌ನೆಸ್", ಮೊಬೈಲಿನ "ರಾಕ್" ಈಕ್ವಲೈಜರ್, ಇವೆಲ್ಲ ಬಂದ್. ನಮ್ಮ ಕಡೆಯ ಬಾಕ್ಸ್‌ಗಳನ್ನು ಗಣಪತಿ ಮೆರವಣಿಗೆಗೆ ಮಾಡಿದ ಹಾಗೆ ಮಾಡಿರುತ್ತಾರೆ, ಎದೆ ನಡುಗಬೇಕು. ಮೆಟಲ್‌ನಲ್ಲಿ ಗಿಟಾರ್ ಮೊದಲೇ ಕೆಳಗಿನ ಸ್ವರದಲ್ಲಿರುತ್ತದೆ, ಬೇಸ್ ಡ್ರಮ್ ಅಲ್ಲೇ, ಬೇಸ್ ಗಿಟಾರೂ ಅಲ್ಲೇ. ಅದರ ಮೇಲೆ ಇನ್ನಷ್ಟು ಬೇಸ್ ಸುರಿದರೆ ಮೂರೂ ಕಲಸಿ ಮುದ್ದೆ.

ಮೊದಲ ಸುತ್ತು: ಸುಮ್ನೆ ಕೂರಿ

ಮೊಬೈಲ್ ಬೇರೆ ಕೋಣೆಯಲ್ಲಿ. ಬುಕ್‌ಲೆಟ್ ಮುಚ್ಚಿ. ಪೆನ್ನು ಬೇಡ. ಮೊದಲ ಹಾಡಿನಿಂದ ಕೊನೆ ಹಾಡಿನವರೆಗೆ, ದಾಟಿಸದೆ. ಇಷ್ಟೇ. ಹೇಳಲು ಸುಲಭ, ಮನೆಯಲ್ಲಿ ಮಾಡಲು ಕಷ್ಟ.

2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ ತಂಡ ತಮ್ಮೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಸಲ ನುಡಿಸಿತು. ಜುಲೈ 22ಕ್ಕೆ ಗಾಯಕ ಓಜಿ ಆಸ್ಬರ್ನ್ ತೀರಿಕೊಂಡರು. ಆ ತಂಡದ ಮೊದಲ ಆಲ್ಬಂ ನನ್ನ ಹತ್ತಿರ ಕ್ಯಾಸೆಟ್‌ನಲ್ಲಿ ಇತ್ತು, ಟೇಪ್ ಸುಕ್ಕಾಗಿ ಹೋಗಿತ್ತು. ಅದೇ ವಾರ ಸಿಡಿಗೆ ಆರ್ಡರ್ ಹಾಕಿದೆ. ಬಂದಿದ್ದು ಆಗಸ್ಟ್‌ನಲ್ಲಿ. ವಾರದಿಂದ ಹಿಡಿದ ಜಿಟಿಜಿಟಿ ಮಳೆ ಆ ಭಾನುವಾರ ಬಿಟ್ಟಿತ್ತು. ಅವ್ವ ಸಿಕ್ಕಿದ್ದೇ ಅವಕಾಶ ಅಂತ ಮನೆಯ ಬಟ್ಟೆಯನ್ನೆಲ್ಲ ಮಾಳಿಗೆ ಮೇಲೆ ಹರವಿ ಬಂದು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ನಾನು ಸಿಡಿ ಹಚ್ಚಿದೆ. ಆ ಆಲ್ಬಂ ಶುರುವಾಗುವುದೇ ಮಳೆಯಿಂದ. ಸುರಿಯುವ ಮಳೆ, ದೂರದಲ್ಲಿ ಗುಡುಗು, ಒಂದು ಚರ್ಚಿನ ಗಂಟೆ. ಗಿಟಾರ್ ಬರುವ ಮೊದಲೇ ಅವ್ವ ಹಿಟ್ಟಿನ ಕೈಯಲ್ಲೇ "ಅಯ್ಯ ಮಳಿ ಬಂತು" ಅನ್ನುತ್ತ ಮಾಳಿಗೆ ಹತ್ತಿದ್ದಳು. ಮೇಲೆ ನೋಡಿದರೆ ರಣ ಬಿಸಿಲು. ಇಳಿದು ಬಂದವಳು ಬಾಗಿಲಲ್ಲಿ ನಿಂತು ಬಾಕ್ಸ್ ಕಡೆ ನೋಡಿದಳು. ಏನೂ ಅನ್ನಲಿಲ್ಲ. ಆ ಹೊತ್ತಿಗೆ ಸರಿಯಾಗಿ ಗಿಟಾರ್ ಬಿತ್ತು.

ಆ ರಿಫ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕಿನಲ್ಲಿ, ಇರುವುದು ಮೂರೇ ಸ್ವರ. ಪಕ್ಕದ ಕೋಣೆಯಿಂದ ಅಪ್ಪ ಎದ್ದು ಬಂದ. ಅಪ್ಪ ಭಜನೆಗೆ ಪೇಟಿ ನುಡಿಸುತ್ತಾನೆ, ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿಕೊಂಡು ಬೆಳೆದವನು. ನನ್ನ ಸಂಗೀತದ ಬಗ್ಗೆ ಅವನು ಎಂದೂ ಮಾತಾಡಿದವನಲ್ಲ. ಅವತ್ತು ಎರಡು ಸಲ ತಲೆ ಆಡಿಸಿ, "ಸಾ, ಮ್ಯಾಲಿನ ಸಾ, ಆಮ್ಯಾಲ ತೀವ್ರ ಮಧ್ಯಮ. ಹೌದಲ್ಲೋ?" ಅಂದ. ಪೇಟಿ ತೆಗೆದು ನುಡಿಸಿಯೂ ತೋರಿಸಿದ. ಹೌದು, ಅದೇ.

ಪಶ್ಚಿಮದಲ್ಲಿ ಈ ಅಂತರಕ್ಕೆ ಸೈತಾನನ ಹೆಸರು ಕಟ್ಟಿದ್ದಾರೆ. ಕೇಳಿದರೆ ಹೆದರಿಕೆ ಬರಬೇಕಂತೆ. ಅಪ್ಪನಿಗೆ ಹೇಳಿದೆ. "ಯಮನ್‌ದಾಗ ದಿನಾ ದೀಪ ಹಚ್ಚೂ ಹೊತ್ತಿಗೆ ಹಾಡ್ತೀವಲ್ಲೋ ಇದನ್ನ" ಅಂತ ನಕ್ಕ. ನಾನು ಆಮೇಲೆ ಯೋಚಿಸಿದೆ. ಯಮನ್‌ನಲ್ಲಿ ತೀವ್ರ ಮಧ್ಯಮ ಪಂಚಮಕ್ಕೆ ಹೋಗಿ ಕೂರುತ್ತದೆ, ಹಾಗಾಗಿ ತಂಪು. ಇಲ್ಲಿ ಅದು ಎಲ್ಲೂ ಹೋಗುವುದಿಲ್ಲ. ಅಲ್ಲೇ ನಿಂತು ನಡುಗುತ್ತದೆ. ಹೆದರಿಕೆ ಇರುವುದು ಆ ನಿಲ್ಲುವುದರಲ್ಲಿ. ಇಪ್ಪತ್ತು ವರ್ಷ ಕೇಳಿದ ರಿಫ್ ಒಂದು ಪೇಟಿಯಿಂದ ನನಗೆ ಅರ್ಥವಾಯಿತು.

ಆ ರಿಫ್ ಹಿಂದೆ ನಮ್ಮಂಥವರ ಕಥೆಯೂ ಇದೆ. ಗಿಟಾರ್ ನುಡಿಸಿದ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮ್‌ನ ಒಂದು ತಗಡಿನ ಕಾರ್ಖಾನೆಯಲ್ಲಿದ್ದರು. 17ನೇ ವಯಸ್ಸು. ಅವತ್ತು ಕೆಲಸದ ಕೊನೆಯ ದಿನ, ಬ್ಯಾಂಡ್ ಸೇರಲು ಹೊರಟವರು. ರೂಢಿ ಇಲ್ಲದ ಪ್ರೆಸ್ ಮೇಲೆ ಕೂರಿಸಿದರು. ಬಲಗೈಯ ಎರಡು ಬೆರಳ ತುದಿ ಹೋಯಿತು. ಅವರು ಎಡಚರು, ಹಾಗಾಗಿ ತಂತಿ ಒತ್ತುವುದು ಬಲಗೈಯಿಂದಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ಮೇಲೆ ತೊಗಲು ಅಂಟಿಸಿದರು. ಬಿಗಿ ತಂತಿ ಒತ್ತಲಾಗದೆ ತೆಳು ತಂತಿ ಹಾಕಿದರು. 1971ರ ಮೂರನೇ ಆಲ್ಬಂ ಹೊತ್ತಿಗೆ ಕೆಲವು ಹಾಡಿಗೆ ತಂತಿಯನ್ನೇ ಸಡಿಲ ಮಾಡಿ ಶ್ರುತಿ ಕೆಳಗಿಳಿಸಿದರು. ಇವತ್ತು ಲೋಕದ ತುಂಬ ಮೆಟಲ್ ಗಿಟಾರ್‌ಗಳು ಕೆಳಶ್ರುತಿಯಲ್ಲಿ ಗುಡುಗುತ್ತವಲ್ಲ, ಆ ದಾರಿ ಹಿಡಿದದ್ದು ಹೀಗೆ. ನಾನು ಕೆಲಸ ಮಾಡಿದ ಒಂದು ಹಳೆಯ ಶೆಡ್ಡಿನಲ್ಲೂ ಒಬ್ಬರ ಬೆರಳು ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಪ್ರೆಸ್ಸಿಗೆ ಎರಡೂ ಕೈಯಿಂದ ಒತ್ತಿದರೆ ಮಾತ್ರ ನಡೆಯುವ ಬಟನ್ ಇರಲಿಲ್ಲ. ಅದಕ್ಕೇ ಈ ಆಲ್ಬಂ ಹಚ್ಚಿದಾಗ ನಾನು ಒಮ್ಮೆ ನನ್ನ ಹತ್ತೂ ಬೆರಳು ನೋಡಿಕೊಳ್ಳುತ್ತೇನೆ.

ಹೊಸಬರಿಗೆ ಒಂದು ಮಾತು. ಇಡೀ ಆಲ್ಬಂ ಅನ್ನು ಅವರು 1969ರ ಅಕ್ಟೋಬರ್‌ನಲ್ಲಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದರು. 1970ರ ಫೆಬ್ರವರಿ 13ಕ್ಕೆ ಹೊರಬಂತು. ಒಂದು ದಿನದಲ್ಲಿ ಮಾಡಿದ್ದನ್ನು ಕೇಳಲು ನೀವು ಒಂದು ಬೆಳಿಗ್ಗೆ ಕೊಡಬಹುದು.

ಎರಡನೇ ಸುತ್ತಿನಿಂದ ಒಂದೊಂದೇ ಪದರ

"ಎಲ್ಲಾ ಒಂದ ಥರಾ" ಅನ್ನುವುದಕ್ಕೆ ಔಷಧ ಇದು. ಎರಡನೇ ಸುತ್ತಿನಲ್ಲಿ ಡ್ರಮ್ ಬಿಟ್ಟು ಬೇರೇನೂ ಕೇಳಬೇಡಿ. ಮೂರನೆಯದರಲ್ಲಿ ಬೇಸ್ ಗಿಟಾರ್. ಆಮೇಲೆ ಬುಕ್‌ಲೆಟ್ ತೆಗೆದು ಹಾಡಿನ ಮಾತು. ಗಿಟಾರ್ ಅನ್ನು ಬೇರೆಯಾಗಿ ಕೇಳಬೇಕಿಲ್ಲ, ಅದು ತಾನಾಗೇ ಕಿವಿಗೆ ಬೀಳುತ್ತದೆ.

ಡ್ರಮ್‌ಗೆ ಸ್ಲೇಯರ್‌ನ ಆ 29 ನಿಮಿಷದ ಆಲ್ಬಂಗಿಂತ ಒಳ್ಳೆ ಪಾಠ ಇಲ್ಲ. ಮೊದಲ ಹಾಡು "ಏಂಜೆಲ್ ಆಫ್ ಡೆತ್". ಕೊನೆಯ ಹತ್ತಿರ ಎಲ್ಲರೂ ಒಮ್ಮೆಲೇ ಸುಮ್ಮನಾಗುತ್ತಾರೆ, ಡ್ರಮ್ಮರ್ ಡೇವ್ ಲೊಂಬಾರ್ಡೊ ಅವರ ಎರಡು ಕಾಲು ಮಾತ್ರ ಓಡುತ್ತವೆ. ಡಬಲ್ ಬೇಸ್ ಅಂದರೆ ಇದೇ. ಎರಡು ಪೆಡಲ್, ಎರಡು ಕಾಲು, ಬಲ ಎಡ ಬಲ ಎಡ. ಕಾಲಿನ ಕೆಲಸ ಅಲ್ಲಿ ಬರಿಯಾಗಿ ಕೇಳಿಸಿದ ಮೇಲೆ, ಮತ್ತೆ ಮೊದಲಿಂದ ಹಚ್ಚಿ. ಗಿಟಾರ್‌ಗಳ ಕೆಳಗೆ ಅದು ಎಲ್ಲೆಲ್ಲಿ ಬಂದು ಹೋಗುತ್ತದೆ ಅಂತ ಕಿವಿ ತಾನೇ ಹುಡುಕುತ್ತದೆ. ಆ ಆಲ್ಬಂನ ಕೊನೆಗೂ ಮಳೆ ಸುರಿಯುತ್ತದೆ. ಈಗ ಅವ್ವ ಏಳುವುದಿಲ್ಲ.

ಐರನ್ ಮೇಡನ್ ತಂಡದಲ್ಲಿ ಬೇಸ್ ಕೇಳುವುದು ಸುಲಭ. ಸ್ಟೀವ್ ಹ್ಯಾರಿಸ್ ಬೆರಳಿನಲ್ಲಿ ಮೀಟುತ್ತಾರೆ, ಬೇಸ್ ಮುಂದೆ ನಿಂತೇ ಮಾತಾಡುತ್ತದೆ. ಅವರ ಕುದುರೆ ಓಟದ ನಡೆಯನ್ನು ಬಾಯಲ್ಲಿ ಹೇಳಿಕೊಳ್ಳಿ: ತಾ ತಕ, ತಾ ತಕ, ತಾ ತಕ. ಒಂದು ಉದ್ದ, ಎರಡು ಗಿಡ್ಡ. 1983ರ "ದ ಟ್ರೂಪರ್" ಪೂರ್ತಿ ಇದರ ಮೇಲೇ ನಿಂತಿದೆ. 2007ರ ಮಾರ್ಚ್ 17ಕ್ಕೆ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಹೋಗಿದ್ದೆ. ವಾಪಸ್ ಬರುವಾಗ ರೈಲಿನ ಗಾಲಿಯೂ ರಾತ್ರಿಯಿಡೀ ತಾ ತಕ ಅಂದಿತು.

ಒಂದು ಎಚ್ಚರಿಕೆ. ಮೆಟಾಲಿಕಾದ 1988ರ "ಆಂಡ್ ಜಸ್ಟಿಸ್ ಫಾರ್ ಆಲ್" ಹಚ್ಚಿ ಬೇಸ್ ಹುಡುಕಬೇಡಿ. ಮಿಕ್ಸಿಂಗ್‌ನಲ್ಲೇ ಅದನ್ನು ಕೇಳದಷ್ಟು ಇಳಿಸಿದ್ದಾರೆ. ನಾನು ಇದು ಗೊತ್ತಿಲ್ಲದೆ ಬಾಕ್ಸ್ ಬಿಚ್ಚಿ ವೂಫರ್ ಬದಲಿಸಿದ್ದೆ.

ದನಿಯ ವಿಷಯಕ್ಕೆ ಬಂದರೆ ಮನೆಯವರ ತಕರಾರು ಶುರು. "ಯಾಕ ಹಂಗ ಒದರ್ತಾನ ಅಂವಾ?" ನಾನು ಹೇಳುವುದು ಇಷ್ಟು. ದನಿ ಚಂದ ಇರಬೇಕು ಅನ್ನುವ ಹಟ ಬಿಡಿ, ದನಿಗೆ ತೂಕ ಇದೆಯೋ ನೋಡಿ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಗಂಗೂಬಾಯಿ ಹಾನಗಲ್ ಅವರ ಶುರುವಿನ ರೆಕಾರ್ಡುಗಳಲ್ಲಿ ದನಿ ತೆಳು, ಎತ್ತರದ್ದು. ಗಂಟಲ ಚಿಕಿತ್ಸೆ ಆದಮೇಲೆ ಅದು ಗಂಡುದನಿಯ ಹಾಗೆ ಭಾರವಾಯಿತು. ಆ ಭಾರದ ದನಿಯನ್ನೇ ಜನ ಅರ್ಧ ಶತಮಾನ ತಲೆಬಾಗಿ ಕೇಳಿದರು. ಗ್ರೌಲ್, ಅಂದರೆ ಗುರುಗುಟ್ಟುವ ದನಿಯಲ್ಲಿ ಹಾಡುವುದು, ಗಂಟಲು ಹರಿದುಕೊಳ್ಳುವ ಕೆಲಸ ಅಂದುಕೊಳ್ಳಬೇಡಿ. ಸ್ವರತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಯನ್ನು ಅದುರಿಸಿ, ಹೊಟ್ಟೆಯ ಉಸಿರಿನಿಂದ ಎತ್ತುತ್ತಾರೆ. ಕಲಿಯದೆ ಕೂಗಿದವರ ಗಂಟಲು ಎರಡು ದಿನ ಕೂರುತ್ತದೆ. ನನ್ನದು ನಾಲ್ಕು ದಿನ ಕೂತಿತ್ತು.

ಮಾತು ಓದುವುದನ್ನು ತಪ್ಪಿಸಬೇಡಿ. "ಏಂಜೆಲ್ ಆಫ್ ಡೆತ್" ನಾಜಿ ಶಿಬಿರದಲ್ಲಿ ಕೈದಿಗಳ ಮೇಲೆ ಪ್ರಯೋಗ ನಡೆಸಿದ ವೈದ್ಯ ಮೆಂಗೆಲೆ ಬಗ್ಗೆ ಇರುವ ಹಾಡು. ಅದನ್ನು ಓದದೆ ನಾನು ಹತ್ತು ವರ್ಷ ಅದಕ್ಕೆ ಕುಣಿದಿದ್ದೇನೆ. ಓದಿದ ಮೇಲೆ ಈಗ ಕೂತು ಕೇಳುತ್ತೇನೆ.

ರಿಜಿಸ್ಟರಿನಲ್ಲಿ ಏನು ಬರೆಯಬೇಕು

ಮೊದಲ ವಾರ ಏನೂ ಬರೆಯಬೇಡಿ. "ಸೂಪರ್", "ಬೆಂಕಿ", "ವೇಸ್ಟ್" ಇವು ಮೂರೂ ನನ್ನ ರಿಜಿಸ್ಟರಿನಲ್ಲಿ ನಿಷೇಧ. ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುವುದೂ ಇಲ್ಲ. ಶೆಡ್ಡಿನಲ್ಲಿ ಜಾಬ್ ಕಾರ್ಡ್ ಬರೆಯುವ ಹಾಗೆ ಬರೆಯಿರಿ. ಯಾವ ಹಾಡು, ಎಷ್ಟನೇ ನಿಮಿಷ, ಏನು ಕೇಳಿತು. ಬೇಕಿದ್ದರೆ ಆಮೇಲೆ ನಿಮ್ಮ ಅಭಿಪ್ರಾಯ. ನನ್ನ ಈಚಿನ ಮೂರು ಪುಟಗಳನ್ನು ಇಲ್ಲಿ ಇಳಿಸುತ್ತೇನೆ.

ಜೂಡಸ್ ಪ್ರೀಸ್ಟ್, "ಇನ್ವಿನ್ಸಿಬಲ್ ಶೀಲ್ಡ್", 2024. ಇವರೂ ಬರ್ಮಿಂಗ್‌ಹ್ಯಾಮ್ ಕಡೆಯವರೇ. ಮೊದಲ ಆಲ್ಬಂ 1974ರದ್ದು, ಅಂದರೆ ಇದು ಐವತ್ತನೇ ವರ್ಷ. ಗಾಯಕ ರಾಬ್ ಹ್ಯಾಲ್ಫರ್ಡ್‌ಗೆ ಆಗ 72. ಮೊದಲ ಹಾಡಿನಲ್ಲೇ ಆ ಎತ್ತರದ ಕೂಗು ಇದೆ. ನಮ್ಮಪ್ಪನಿಗಿಂತ ಎರಡೇ ವರ್ಷ ಚಿಕ್ಕವರು ಅಂತ ಲೆಕ್ಕ ಹಾಕಿ ಸುಮ್ಮನೆ ಕೂತೆ. ಎರಡು ಗಿಟಾರ್ ಒಂದನ್ನೊಂದು ಬೆನ್ನಟ್ಟುವುದು ಹಳೆಯ ಚಾಳಿ, ಇನ್ನೂ ಬಿಟ್ಟಿಲ್ಲ. ನಡುವಿನ ಎರಡು ಹಾಡು ನನಗೆ ಹಿಡಿಸಲಿಲ್ಲ. "ಕ್ರೌನ್ ಆಫ್ ಹಾರ್ನ್ಸ್" ನಿಧಾನದ್ದು, ರಾತ್ರಿ ಕೇಳುವಂಥದ್ದು. ಸೌಂಡ್ ಮಾತ್ರ ಪ್ರೆಸ್ಸಿನ ಹೊಸ ಅಚ್ಚಿನಿಂದ ಬಂದ ಪೀಸಿನ ಹಾಗೆ, ಅಂಚೆಲ್ಲ ಚೊಕ್ಕ. ನನಗೆ ಒಂಚೂರು ಬರ್ ಇದ್ದರೇ ಇಷ್ಟ.

ಮೆಟಾಲಿಕಾ, "72 ಸೀಸನ್ಸ್". ಮನುಷ್ಯನ ಮೊದಲ 18 ವರ್ಷ ಅಂತ ಅರ್ಥವಂತೆ, ವರ್ಷಕ್ಕೆ ನಾಲ್ಕು ಋತು ಲೆಕ್ಕ. ನಮ್ಮಲ್ಲಿ ಋತು ಆರು, ಹಾಗಾಗಿ ನಮಗೆ 12 ವರ್ಷಕ್ಕೇ ಮುಗಿಯಿತು. ಹುಬ್ಬಳ್ಳಿ ಲೆಕ್ಕದಲ್ಲಿ ಬೇಸಿಗೆ, ಮಳೆಗಾಲ, ಚಳಿಗಾಲ ಮೂರೇ. ಆಗ 24. ಆಲ್ಬಂ ಕೇಳುವಾಗಲೂ ಹಾಗೇ ಅನಿಸಿತು, ಇದನ್ನು ಇನ್ನೂ ಬೇಗ ಮುಗಿಸಬಹುದಿತ್ತು. "ಲಕ್ಸ್ ಎಟರ್ನಾ" ಮೂರೂವರೆ ನಿಮಿಷದೊಳಗೆ ಹೇಳುವುದನ್ನು ಹೇಳಿ ಎದ್ದು ಹೋಗುತ್ತದೆ. ಕೊನೆಯದು "ಇನಮೊರಾಟಾ", 11 ನಿಮಿಷ. ಉದ್ದ ಅಂತ ಬೈದುಕೊಂಡೇ ಶುರುಮಾಡಿದೆ. ನಡುವೆ ಗಿಟಾರ್ ಹಿಂದೆ ಸರಿದು ಬೇಸ್ ಒಂದೇ ನಡೆಯುವ ಜಾಗವಿದೆ. ಆ ಜಾಗಕ್ಕೆ ನಾಲ್ಕು ಸಲ ವಾಪಸ್ ಹೋದೆ. 1988ರ ಸಾಲ ತೀರಿಸಿದರು.

ಕ್ರಿಪ್ಟೋಸ್, "ಡೆಸಿಮೇಟರ್", 2024. ಬೆಂಗಳೂರಿನವರು, 1998ರಿಂದ ಇದ್ದಾರೆ. ಎಂಬತ್ತರ ದಶಕದ ಗಿಟಾರ್, ಅದರ ಮೇಲೆ ಅರದಿಂದ ಉಜ್ಜಿದಂಥ ದನಿ. ಇಂಥ ರಾಗದ ಗಿಟಾರ್‌ಗೆ ಚೊಕ್ಕ ಕಂಠ ಇರಬೇಕಿತ್ತು ಅಂತ ಮೊದಲ ಸುತ್ತಿನಲ್ಲಿ ಅನಿಸಿತು. ಐದನೇ ಸುತ್ತಿಗೆ ಆ ಒರಟು ಇಲ್ಲದಿದ್ದರೆ ಇದು ಜಾಸ್ತಿ ಸಿಹಿ ಆಗುತ್ತಿತ್ತು ಅನಿಸಿತು. ಮೊದಲು ಬರೆದದ್ದನ್ನು ಹೊಡೆದುಹಾಕಿಲ್ಲ, ಕೆಳಗೆ ದಿನಾಂಕ ಹಾಕಿ ಎರಡನೆಯದನ್ನು ಬರೆದಿದ್ದೇನೆ. ನೀವೂ ಹೊಡೆದುಹಾಕಬೇಡಿ. ಅಭಿಪ್ರಾಯ ಬದಲಾದದ್ದೇ ಓದಲು ಮಜಾ.

ಗಮನಿಸಿ, ಮೂರರಲ್ಲೂ "ಹಳೇ ಆಲ್ಬಂ ಹಂಗ ಇಲ್ಲ" ಅನ್ನುವ ಸಾಲು ಇಲ್ಲ. ಹಳೇ ಆಲ್ಬಂ ಮನೆಯಲ್ಲೇ ಇದೆ, ಬೇಕಾದರೆ ಅದನ್ನೇ ಹಚ್ಚಬಹುದು.

ಪುಟದ ಬಲಗಡೆ ಅಂಚಿನಲ್ಲಿ ಒಂದು ಕಾಲಂ ಖಾಲಿ ಬಿಡಿ. ಆಲ್ಬಂ ಪೂರ್ತಿ ಕೇಳಿದಾಗೆಲ್ಲ ಅಲ್ಲಿ ಒಂದು ಗೆರೆ. ನಾಲ್ಕು ಗೆರೆ ಆದಮೇಲೆ ಅಡ್ಡ ಒಂದು, ಪೀಸ್ ಎಣಿಸುವ ಹಾಗೆ. ನನ್ನ ಮಾರ್ಕ್ಸ್ ಇದೇ. ನಾಲಿಗೆ ಸುಳ್ಳು ಹೇಳುತ್ತದೆ, ಗೆಳೆಯರ ಮುಂದೆ ಇನ್ನೂ ಜಾಸ್ತಿ. ಆರು ತಿಂಗಳು ಬಿಟ್ಟು ಗೆರೆ ಎಣಿಸಿ. ನಾನು ಬಾಯಿತುಂಬ ಹೊಗಳಿದ ಒಂದು ಆಲ್ಬಂ ಪುಟದಲ್ಲಿ ಮೂರು ಗೆರೆ ಇವೆ. ಪ್ರೀಸ್ಟ್‌ಗೆ 11. ಮೆಟಾಲಿಕಾಗೆ 6, ಆ ಬೇಸಿನ ಜಾಗಕ್ಕೆ ಹೋದದ್ದು ಲೆಕ್ಕಕ್ಕಿಲ್ಲ. ಕ್ರಿಪ್ಟೋಸ್‌ಗೆ 23, ಅದರಲ್ಲಿ ನಾಲ್ಕು ಸಲ ಅಪ್ಪ ಪಕ್ಕದಲ್ಲಿ ಕೂತಿದ್ದ. ಏನಾದರೂ ಹೇಳುತ್ತಾನೇನೋ ಅಂತ ಕಾದೆ. "ತಬಲಾ ಚಲೋ ಐತಿ" ಅಂದ.

ಕುಂದಗೋಳದ ಹುಡುಗನೂ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ಮೊದಲ ಪುಟದಲ್ಲಿ "ಬೆಂಕಿ" ಅಂತ ಬರೆದು ಅದನ್ನು ಹೊಡೆದು, ಪಕ್ಕದಲ್ಲಿ "2.40ಕ್ಕೆ ಡ್ರಮ್ ಒಂದ ಸೆಕೆಂಡ್ ನಿಂದರ್ತೈತಿ" ಅಂತ ಬರೆದಿದ್ದ. ಸಾಕು, ದಾರಿಗೆ ಬಂದ.

ಅವನಿಗೆ ಸಿಡಿ ಕಡ ಕೊಡುವಾಗ ಒಂದು ಕೆಲಸ ತಪ್ಪದೆ ಮಾಡುತ್ತೇನೆ, ನೀವೂ ಮಾಡಿ. ರಿಜಿಸ್ಟರಿನ ಕೊನೆಯ ಪುಟದಲ್ಲಿ ಯಾರಿಗೆ, ಯಾವುದು, ಯಾವತ್ತು ಅಂತ ಬರೆದು ಅವರಿಂದಲೇ ಸಹಿ ಹಾಕಿಸಿ. 2009ರಲ್ಲಿ ನನ್ನ ಐರನ್ ಮೇಡನ್ ಸಿಡಿ "ಪವರ್‌ಸ್ಲೇವ್" ಒಯ್ದವನು ಇನ್ನೂ ವಾಪಸ್ ಕೊಟ್ಟಿಲ್ಲ. ಹೆಸರು ಇಲ್ಲಿ ಬರೆಯುವುದಿಲ್ಲ. ನವನಗರದಲ್ಲಿದ್ದಾನೆ, ಇದನ್ನು ಓದುತ್ತಾನೆ, ಸಹಿ ನನ್ನ ಹತ್ತಿರ ಇದೆ.